ಹಾಲಕ್ಕ ಕಾವಲಿಗೆ ಹೋದದ್ದು

ನಮ್ಮೂರಿನ ಪಡುವಣ ದಿಕ್ಕಿಗಿರುವ ಕಾವಲಿಗೆ ಕಾಲಿಟ್ಟರೆ ಮನುಷ್ಯನ ತೂಕ ಅರ್ಧಕ್ಕಿಳಿಯುತ್ತದೆ. ಊರೊಳಗೆ ಎಂಬತ್ತು ಕಿಲೋ ಇದ್ದವರು ಅಲ್ಲಿ ನಲವತ್ತು. ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಹೀಗೇ ಆಗುತ್ತಿತ್ತಂತೆ. ಹಾಗಾಗಿ ನಮಗೆ ಇದರಲ್ಲಿ ಬಾಯಿ ಬಿಡುವಂಥದ್ದೇನೂ ಕಾಣುವುದಿಲ್ಲ. ಸಂತೆಗೆ ಬಂದ ಪರ ಊರಿನವರು ಮಾತ್ರ ಮೊದಲ ಹೆಜ್ಜೆಗೇ ಮೇಲೆದ್ದು, ಕೆಳಗಿಳಿಯುವುದು ತಡವಾಯಿತೆಂದು ಗಾಬರಿಬಿದ್ದು, ಪಕ್ಕದಲ್ಲಿದ್ದವರ ಅಂಗಿ ಹಿಡಿದುಕೊಳ್ಳುತ್ತಾರೆ. ಆ ಕಾರಣಕ್ಕೆ ಸಂತೆಯ ದಿನ ನಾವು ಕಾವಲಿಗೆ ಹಳೆಯ ಅಂಗಿ ಹಾಕಿಕೊಂಡು ಹೋಗುತ್ತೇವೆ.

ಕಾವಲೆಂದರೆ ಸುಮ್ಮನೆ ಹುಲ್ಲು. ಅಲ್ಲೊಂದು ಇಲ್ಲೊಂದು ಜಾಲಿಗಿಡ, ಮೊಲ, ಗೌಜಲ ಹಕ್ಕಿ, ಮತ್ತೆ ಐವತ್ತು ಅರವತ್ತು ಚಿಗರಿ ಜಿಂಕೆ. ಚಿಗರಿ ಹಾರಿದರೆ ಒಂದು, ಎರಡು, ಮೂರು, ನಾಲ್ಕು ಎಂದು ನಿಧಾನಕ್ಕೆ ಎಣಿಸಿದ ಮೇಲೆಯೇ ಅದರ ಕಾಲು ಮತ್ತೆ ನೆಲ ಮುಟ್ಟುವುದು. ಬೆಳಿಗ್ಗೆ ಸೊಂಟನೋವಿನ ಮುದುಕಿಯರು ಬರುತ್ತಾರೆ. ಸಂಜೆ ಹೆಣ್ಣು ನೋಡಲು ಬಂದ ಬೀಗರನ್ನು ಕರೆತರುತ್ತಾರೆ, ಏಕೆಂದರೆ ಹಗುರಾದ ಬೀಗರು ಮಾತಿಗೆ ಬೇಗ ಒಪ್ಪುತ್ತಾರೆ. ನಮ್ಮ ಶಾಲೆಯ ಹುಡುಗರು ಕಾವಲಿನಲ್ಲಿ ಉದ್ದಜಿಗಿತ ಕಲಿತು ಹೊರಗಡೆ ಪಂದ್ಯಕ್ಕೆ ಹೋದರೆ ಮರಳಿನ ಗುಂಡಿಯ ಅಂಚಿಗೇ ಬಿದ್ದು ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ಇವೆಲ್ಲ ನಮಗೆ ರೂಢಿಯಾದ ಕಷ್ಟಸುಖಗಳು.

ಒಂದೇ ಒಂದು ಮಾತು ಎಲ್ಲರಿಗೂ ಗೊತ್ತಿದೆ. ಅಲ್ಲಿ ನೆಲ ಅಗೆದು ಬುನಾದಿ ಹಾಕಿದರೆ, ಸಿಮೆಂಟು ಸುರಿದರೆ, ಅಷ್ಟು ಜಾಗಕ್ಕೆ ತೂಕ ಮರಳಿ ಬರುತ್ತದೆ. ಹಿಂದೆ ಒಬ್ಬ ಅಧ್ಯಕ್ಷರು ತಮ್ಮ ತಂದೆಯ ಹೆಸರಿನಲ್ಲಿ ಕಾವಲಿನ ಅಂಚಿಗೆ ಒಂದು ಸಿಮೆಂಟು ಬೆಂಚು ಕಟ್ಟಿಸಿದರು. ಕುಳಿತವರೆಲ್ಲ ಧಸಕ್ಕನೆ ಭಾರವಾಗಿ, ಒಂದು ನಿಮಿಷಕ್ಕೇ ಎದ್ದು ಹೋಗುತ್ತಿದ್ದರು. ಈಗ ಅದರ ಮೇಲೆ ಶೇಂಗಾ ಮಾರುವವನು ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡಿದ್ದಾನೆ. ಇಡೀ ಕಾವಲಿನಲ್ಲಿ ಆ ತಕ್ಕಡಿ ನ್ಯಾಯವಾಗಿ ತೂಗುವ ಜಾಗ ಅದೊಂದೇ.

ನಾನು ಪುರಸಭೆಯಲ್ಲಿ ಉದ್ಯಾನದ ಮೇಲ್ವಿಚಾರಕ. ಹೆಸರು ಚನ್ನವೀರ. ನನ್ನ ಸುಪರ್ದಿಯಲ್ಲಿ ಒಂದು ಉದ್ಯಾನ, ನೀರು ಬಾರದ ಒಂದು ಕಾರಂಜಿ, ಎರಡು ಜಾರುಬಂಡಿ ಮತ್ತು ಈ ಕಾವಲು ಇವೆ. ಉದ್ಯಾನಕ್ಕೆ ದಿನವೂ ಒಂದಲ್ಲ ಒಂದು ಕೆಲಸ ಬೇಕು. ಕಾವಲಿಗೆ ಏನೂ ಮಾಡದಿರುವುದೇ ಕೆಲಸ. ಇಪ್ಪತ್ತಾರು ವರ್ಷ ಅದನ್ನು ನಿಷ್ಠೆಯಿಂದ ಮಾಡಿದ್ದೇನೆ.

ಕಾವಲಿನಲ್ಲಿ ಅರ್ಧ ಮಾತ್ರ ಪುರಸಭೆಯದು. ಆಚೆಯ ಅರ್ಧ, ಚಿಗರಿಗಳು ಹೆಚ್ಚಾಗಿ ಇರುವ ಕಡೆಯದು, ಬಾಳನಗೌಡರ ಮನೆತನದ್ದು. ಅವರು ಬೇಲಿ ಹಾಕಿದವರಲ್ಲ, ಯಾರನ್ನೂ ತಡೆದವರಲ್ಲ. ಹಾಗಾಗಿ ಯಾವುದು ಯಾರದು ಎನ್ನುವುದನ್ನು ಊರು ಮರೆತೇಬಿಟ್ಟಿತ್ತು. ಸಂಕ್ರಾಂತಿ ಕಳೆದು ವಾರಕ್ಕೆ ಗೌಡರು ತಾವೇ ಪುರಸಭೆಗೆ ಬಂದರು. ಎಪ್ಪತ್ತೆರಡು ವರ್ಷದ ದೊಡ್ಡ ಆಳು. ಕುರ್ಚಿಯಲ್ಲಿ ಕುಳಿತರೆ ಕುರ್ಚಿ ಕಾಣುವುದಿಲ್ಲ. ತಲೆಗೆ ಕೆಂಪು ಅಂಚಿನ ಬಿಳಿ ರುಮಾಲು.

"ಮೂರು ಮಂದಿ ಹೆಣ್ಮಕ್ಕಳು ನನಗ. ನಾ ಹ್ವಾದ ಮ್ಯಾಲೆ ನೆಲದ ಸಲುವಾಗಿ ಮೂವರೂ ಮಾತು ಬಿಡಬಾರ್ದು. ಮಾರಿ ಹಂಚಿಬಿಡ್ತೀನಿ" ಎಂದರು. "ಸೈಟ್ ಮಾಡೋರು ಬಂದು ನೋಡಿಕೊಂಡು ಹೋಗ್ಯಾರ. ಆದ್ರ ಮೊದಲ ಊರಿಗೆ ಒಂದು ಮಾತು ಕೇಳಬೇಕು, ಕೇಳೀನಿ. ಯುಗಾದಿ ಮಟ ಕಾಯ್ತೀನಿ."

ಸೈಟೆಂದರೆ ಆರುನೂರು ಮನೆ, ರಸ್ತೆ, ಚರಂಡಿ. ಅಂದರೆ ಅರ್ಧ ಕಾವಲು ಊರಿನ ಹಾಗೇ ಭಾರವಾಗುತ್ತದೆ, ಚಿಗರಿಗಳು ಎತ್ತಲೋ ಹೋಗುತ್ತವೆ. ನಮ್ಮ ಅಧ್ಯಕ್ಷೆ ಶಕುಂತಲಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ತಡಮಾಡುವುದು ಅವರಿಗೆ ಗೊತ್ತಿಲ್ಲ. ಮರುದಿನವೇ ಒಂದು ಯೋಜನೆ ತೆಗೆದರು. ಮನೆಕಂದಾಯದ ಜೊತೆಗೆ ಹತ್ತು ವರ್ಷ ಸ್ವಲ್ಪ ಸ್ವಲ್ಪ 'ಕಾವಲು ಪಟ್ಟಿ' ಎತ್ತುವುದು. ಆ ಹಣದಲ್ಲಿ ಕಂತು ಕಟ್ಟುತ್ತ ಗೌಡರ ಅರ್ಧವನ್ನು ಊರೇ ಕೊಳ್ಳುವುದು. ಇಡೀ ಕಾವಲನ್ನು ಇದ್ದ ಹಾಗೇ ಉಳಿಸಿಕೊಂಡು, ಇನ್ನೂ ಹೆಚ್ಚು ಜನ ಬಂದು ಅಡ್ಡಾಡುವಂತೆ ನೀರು, ನೆರಳಿನ ಏರ್ಪಾಡು ಮಾಡುವುದು. ನಮ್ಮ ಊರಿನ ಕಟ್ಟಳೆ ಒಂದಿದೆ: ಹೊಸ ಪಟ್ಟಿ ಹಾಕಬೇಕಾದರೆ ಒಂಬತ್ತೂ ಓಣಿಗಳು ಸಭೆ ಸೇರಿ ಕೈಯೆತ್ತಬೇಕು. ಒಂದು ಓಣಿ ಬೇಡವೆಂದರೂ ಪಟ್ಟಿ ಬಿದ್ದಂತೆಯೇ.

ಎಂಟು ಓಣಿಗಳು ಒಪ್ಪಿದವು. ಉಳಿದದ್ದು ಗಾಣಿಗರ ಓಣಿ. ಅದು ನಾನು ಹುಟ್ಟಿ ಬೆಳೆದ ಓಣಿ. "ನಿಮ್ಮ ಓಣಿ, ನೀವ ಮಾತಾಡ್ರಿ ಚನ್ನವೀರ" ಎಂದು ಶಕುಂತಲಮ್ಮ ನನ್ನನ್ನೇ ಕಳಿಸಿದರು.

ಸಂಜೆ ಐದಕ್ಕೆ ಬೇವಿನ ಕಟ್ಟೆಯ ಮುಂದೆ ಜನ ಸೇರಿದರು. ನಾನು ಚಿಗರಿಯ ಮಾತು ಹೇಳಿದೆ, ಗಾಳಿಯ ಮಾತು ಹೇಳಿದೆ, ನಮ್ಮ ಮಕ್ಕಳ ಕಾಲಕ್ಕೂ ಕಾವಲು ಉಳಿಯಬೇಕೆಂದೆ. ಭಾಷಣ ಚೆನ್ನಾಗಿಯೇ ಹೋಗುತ್ತಿತ್ತು. ಎಲ್ಲರೂ ತಲೆ ಆಡಿಸುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ, ಜನರ ಮೊಣಕಾಲುಗಳ ನಡುವಿನಿಂದ, ಒಂದು ದನಿ ಬಂತು.

"ತಮ್ಮಾ, ಒಂದು ಕೇಳ್ಲೇನು?"

ಹಾಲಕ್ಕ. ನಮ್ಮ ಓಣಿಯ ಹೊಲಿಗೆಯವಳು. ನಾಲ್ಕನೆಯ ವರ್ಷಕ್ಕೆ ಪೋಲಿಯೋ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಈಗ ಐವತ್ತೆಂಟು. ನಾಲ್ಕು ಬೇರಿಂಗ್ ಹಾಕಿದ ಹಲಗೆಯ ಮೇಲೆ ಕುಳಿತು, ಕೈಯಿಂದ ನೆಲ ತಳ್ಳುತ್ತ ಓಡಾಡುತ್ತಾಳೆ. ಹೊಲಿಗೆ ಯಂತ್ರವನ್ನೂ ಕೈಯಿಂದಲೇ ತಿರುಗಿಸುತ್ತಾಳೆ. ಓಣಿಯ ಅಷ್ಟೂ ಹೆಂಗಸರ ಕುಪ್ಪಸ ಅವಳೇ ಹೊಲಿದದ್ದು. ಕುಪ್ಪಸದ ಅಳತೆಯ ಜೊತೆಗೆ ಮನೆಯ ಅಳತೆಯೂ ಅವಳಿಗೆ ಗೊತ್ತಿರುತ್ತದೆ. ಯಾರದ್ದನ್ನೂ ಯಾರಿಗೂ ಹೇಳಿದವಳಲ್ಲ. ಹಾಗಾಗಿ ಅವಳ ಮಾತಿಗೆ ಓಣಿಯಲ್ಲಿ ತೂಕ ಜಾಸ್ತಿ.

"ಕೇಳಕ್ಕಾ" ಎಂದೆ.

"ನೀ ಹೇಳೂದೆಲ್ಲ ಛಲೋ ಐತಿ. ಆದ್ರ ಆ ಕಾವಲ ಹೆಂಗೈತಿ ಅಂತ ನನಗ ಗೊತ್ತಿಲ್ಲ. ರಸ್ತೆ ಮುಗದಲ್ಲಿಂದ ಮುಂದ ಹಳ್ಳ, ಅದರ ಮುಂದ ಮುಳ್ಳು. ನನ್ನ ಗಾಡಿ ಅಲ್ಲೆ ನಿಂದರ್ತೈತಿ. ಐವತ್ತೆಂಟು ವರ್ಷ ಆತು, ಬರ್ತೀಯೇನು ಅಂತ ಒಬ್ಬರರ ಕೇಳೀರಿ? ಕಾಲಿದ್ದವರು ಹಗುರ ಆಗೂ ಸಲುವಾಗಿ ಕಾಲಿಲ್ಲದಾಕಿ ಯಾಕ ಪಟ್ಟಿ ಕೊಡಬೇಕು?"

ಸಿಟ್ಟಿನಿಂದ ಹೇಳಲಿಲ್ಲ. ತೋಳು ಬಿಗಿಯಾಯಿತೇನು ಎಂದು ಕೇಳುವ ದನಿಯಲ್ಲೇ ಕೇಳಿದಳು. ಕಟ್ಟೆಯ ಮೇಲೆ ಕುಳಿತಿದ್ದವರು ತಮ್ಮ ಕಾಲುಗಳನ್ನು ಮೆಲ್ಲಗೆ ಒಳಕ್ಕೆಳೆದುಕೊಂಡರು. ಹಿರಿಯರೊಬ್ಬರು, "ಈಗ ಬ್ಯಾಡ. ಇನ್ನೊಮ್ಮೆ ಕೂಡೂಣು" ಎಂದು ಸಭೆ ಮುಗಿಸಿದರು.

ಮನೆಗೆ ಹೋಗುವಾಗ ನನಗೆ ನಾಚಿಕೆಯಾಗುತ್ತಿತ್ತು. ನಾನು ಶಾಲೆಗೆ ಹೋದ ಮೊದಲ ದಿನದ ಚಡ್ಡಿ ಹಾಲಕ್ಕ ಹೊಲಿದದ್ದು. ನನ್ನ ಮದುವೆಗೆ ನನ್ನ ಅವ್ವನ ಕುಪ್ಪಸ ಅವಳದ್ದು. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಅವಳ ಬಾಗಿಲ ಮುಂದೆಯೇ ಸೈಕಲ್ಲಿನಲ್ಲಿ ಕಾವಲಿಗೆ ಹೋಗಿದ್ದೇನೆ. "ಹೊಂಟ್ಯಾ ತಮ್ಮಾ" ಅನ್ನುತ್ತಿದ್ದಳು, "ಹೂಂ ಅಕ್ಕಾ" ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವಳ ಅಂಗಡಿಗೆ ಹೋಗಿ, "ಅಕ್ಕಾ, ನಾನ ಹೊತ್ಕೊಂಡು ಹೋಗ್ತೀನಿ, ನಡಿ" ಎಂದೆ.

ಅವಳು ಹಲ್ಲಿನಿಂದ ದಾರ ಕಚ್ಚಿ ಹರಿದಳು. "ಓಟಿನ ಸಲುವಾಗಿ?"

"ಅದಕ್ಕೂ ಹೌದು" ಎಂದೆ. ಅವಳ ಎದುರು ಸುಳ್ಳು ಹೇಳುವುದು ಆಗದ ಮಾತು.

"ಮೂವತ್ತು ವರ್ಷದ ಹಿಂದ ಕೇಳಿದ್ರ ಹೂಂ ಅಂತಿದ್ನೇನೋ. ಈಗ ಬ್ಯಾಡ. ಹೊತ್ಕೊಂಡು ಹ್ವಾದ್ರ, ಹೊತ್ತವರಿಗೆ ಬ್ಯಾಸರ ಬಂದಾಗ ನಾ ಹೊಳ್ಳಿ ಬರಬೇಕು. ನನಗ ಬ್ಯಾಸರ ಬಂದಾಗ ಬರಬೇಕು ನಾ."

ಇದನ್ನು ಶಕುಂತಲಮ್ಮನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ ಐತಿ ಆಕಿ ಹೇಳೂದು. ನಮಗ್ಯಾಕ ಹೊಳೀಲಿಲ್ಲ ಇಷ್ಟು ದಿನ? ರಸ್ತೆಯಿಂದ ಕಾವಲ ನಡಬರಕ ಒಂದು ಸಿಮೆಂಟಿನ ದಾರಿ ಮಾಡಿಸಿಬಿಡೂಣು. ಹದಿನೈದು ದಿನದ ಕೆಲಸ" ಎಂದರು.

"ಮೇಡಂ, ಸಿಮೆಂಟಿನ ಮ್ಯಾಲೆ ಹಗುರ ಇರೂದಿಲ್ಲ. ಆಕಿ ಅಷ್ಟು ದೂರ ಬಂದೂ ಇಲ್ಲಿದ್ದಷ್ಟ ಭಾರ ಇರ್ತಾಳ."

ಅವರು ನನ್ನನ್ನು, ಹೋಂವರ್ಕ್ ಮಾಡದೆ ಬಂದ ಹುಡುಗನನ್ನು ನೋಡುವಂತೆ ನೋಡಿದರು. "ಹಂಗಾದ್ರ ಏನ್ ಮಾಡ್ತೀರಿ?"

"ಗೊತ್ತಿಲ್ರಿ."

"ಯುಗಾದಿಗೆ ಇನ್ನ ಹದಿನೆಂಟು ದಿನ ಐತಿ. ಗೊತ್ತು ಮಾಡ್ಕೊಂಡು ಬರ್ರಿ."

ನಾನು ಮತ್ತೆ ಹಾಲಕ್ಕನ ಅಂಗಡಿಗೇ ಹೋದೆ. ಬೇರೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಸಿಮೆಂಟಿನ ಮಾತನ್ನೂ ನನ್ನ ಪೇಚಾಟವನ್ನೂ ಹೇಳಿದೆ. ಅವಳ ಮಡಿಲಲ್ಲಿ ಅರ್ಧ ಹೊಲಿದ ಒಂದು ರೇಷ್ಮೆ ಕುಪ್ಪಸವಿತ್ತು. ತೋಳನ್ನು ಮೈಗೆ ಉದ್ದುದ್ದ ಬಿಳಿ ದಾರದಲ್ಲಿ ಸಡಿಲವಾಗಿ ಹಿಡಿಸಿದ್ದಳು. ಅದನ್ನು ನನ್ನ ಮುಂದೆ ಹಿಡಿದಳು.

"ಇದಕ್ಕ ಕಚ್ಚಾ ಹೊಲಿಗಿ ಅಂತೀವಿ. ತೋಳು ಕುಂದರ್ತೈತೋ ಇಲ್ಲೋ ನೋಡಾಕ. ಸರಿ ಬರಲಿಲ್ಲ ಅಂದ್ರ ದಾರ ಎಳದ್ರ ಆತು, ಅರಿವಿಗೆ ಗೊತ್ತ ಆಗೂದಿಲ್ಲ. ನೀವು ಸರ್ಕಾರದವರು ಮೊದಲನೇ ಸಲಕ್ಕ ಯಂತ್ರದ ಹೊಲಿಗಿ ಹಾಕ್ತೀರಿ. ಅಗೀಬ್ಯಾಡ. ಮ್ಯಾಲೆ ಹಾಸು."

"ಏನು ಹಾಸೂದು?"

"ಅದನ್ನ ಕೆಂಚಪ್ಪನ್ನ ಕೇಳು. ಬಿದಿರು ನನಗೇನ್ ಗೊತ್ತು."

ಮೇದಾರ ಕೆಂಚಪ್ಪ ಬುಟ್ಟಿ, ಮೊರ, ತಟ್ಟಿ ಹೆಣೆಯುವವನು. ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು, ಹಾಲಕ್ಕನ ಹಲಗೆಯ ಅಗಲವನ್ನು ಗೇಣಿನಲ್ಲಿ ಅಳೆದುಕೊಂಡು ಹೋದ. ನಾಲ್ಕು ದಿನಕ್ಕೆ ಮೊದಲ ತಟ್ಟಿ ಬಂತು. ಒಡೆದ ಬಿದಿರಿನ ಪಟ್ಟಿಗಳನ್ನು ಒತ್ತೊತ್ತಾಗಿ ಹೆಣೆದು, ಕೆಳಗೆ ಅಡ್ಡ ಬೊಂಬು ಕೊಟ್ಟು, ತೆಂಗಿನ ಹುರಿಯಿಂದ ಬಿಗಿದದ್ದು. ಒಂದು ಮಾರು ಅಗಲ, ಮೂರು ಮಾರು ಉದ್ದ. ಗುಂಡಿ ಇಲ್ಲ, ಗೂಟ ಇಲ್ಲ. ನೆಲದ ಮೇಲೆ ಇಟ್ಟರೆ ಕೂರುತ್ತದೆ, ಎತ್ತಿದರೆ ಬರುತ್ತದೆ. ಹಾಲಕ್ಕ ಅದರ ಮೇಲೆ ತನ್ನ ಗಾಡಿ ಹತ್ತಿಸಿ, ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿ, "ಸದ್ದು ಭಾಳ ಮಾಡ್ತೈತಿ, ಆದ್ರ ಓಡ್ತೈತಿ" ಎಂದಳು.

ರಸ್ತೆಯ ತುದಿಯಿಂದ ಹುಲ್ಲಿನ ಅಂಚಿಗೆ ಮುನ್ನೂರು ಹೆಜ್ಜೆ. ಕೆಂಚಪ್ಪನ ಮನೆಮಂದಿಯೆಲ್ಲ ಕೂತು ಉಳಿದ ತಟ್ಟಿ ಹೆಣೆದರು; ಹಾಕಲು ನಾನೂ ಕೆಂಚಪ್ಪನೂ ಶುರುಮಾಡಿದೆವು. ಎರಡನೆಯ ದಿನಕ್ಕೆ ಗಾಣಿಗರ ಓಣಿಯ ಹತ್ತು ಹದಿನೈದು ಮಂದಿ ಬಂದರು. ಯಾಕೆ ಬಂದಿರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆಂಗಸರು ಮುಳ್ಳು ಸರಿಸಿದರು. ಹಳ್ಳದಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ತಟ್ಟಿಗೆ ಆಧಾರ ಮಾಡಿದೆವು. ಕಾವಲಿನ ಗಡಿ ದಾಟಿದ ಮೇಲೆ, ತಟ್ಟಿಗೆ ತಟ್ಟಿ ಬಡಿದು ಕೂಡಿಸುತ್ತಿದ್ದ ಕೆಂಚಪ್ಪನ ಸುತ್ತಿಗೆಯೂ ಹಗುರಾಗಿ, ಹೊಡೆದ ಪೆಟ್ಟೆಲ್ಲ ಪುಟಿದು ಅವನ ಹಣೆಗೇ ಬರತೊಡಗಿತು. ಕೊನೆಗೆ ಸುತ್ತಿಗೆ ಬಿಟ್ಟು ಹಲ್ಲಿನಿಂದ ಹುರಿ ಬಿಗಿದ. ಹುಲ್ಲಿನ ಒಳಗೆ ಹದಿನೈದಿಪ್ಪತ್ತು ಹೆಜ್ಜೆ ಹಾಕಿ ನಿಲ್ಲಿಸಿದೆವು. ಅಲ್ಲಿಂದ ಮುಂದೆ ಏನು ಮಾಡುವುದೋ ನನಗೆ ತಿಳಿದಿರಲಿಲ್ಲ. "ಅಷ್ಟು ಸಾಕು. ಮುಂದಿಂದು ನನಗ ಬಿಡು" ಎಂದಿದ್ದಳು ಹಾಲಕ್ಕ.

ಯುಗಾದಿಗೆ ಐದು ದಿನ ಇರುವಾಗ, ಬೆಳಿಗ್ಗೆ ಎಂಟಕ್ಕೆ ಅವಳು ಹೊರಟಳು. ಸೀರೆಯ ಕಚ್ಚೆ ಹಾಕಿ ಬಿಗಿದುಟ್ಟಿದ್ದಳು. ಹಲಗೆಯ ಪಕ್ಕಕ್ಕೆ ಅರಿವೆಯಲ್ಲಿ ಸುತ್ತಿದ ಉದ್ದದ ಗಂಟೊಂದನ್ನು ಕಟ್ಟಿದ್ದಳು. ಬಿದಿರಿನ ಮೇಲೆ ಅವಳ ಗಾಡಿ ಕಟಕಟ ಎನ್ನುತ್ತ ಹೋಯಿತು. ಹಿಂದೆ ಇಡೀ ಓಣಿ. ಹಳ್ಳ ದಾಟಿತು, ಮುಳ್ಳು ದಾಟಿತು. ಹುಲ್ಲು ಶುರುವಾಗುವ ಕಡೆ ಅವಳ ಕೈಯ ತಳ್ಳು ಒಮ್ಮೆಲೇ ಹೆಚ್ಚಾಗಿ ಗಾಡಿ ಎರಡು ಮಾರು ಮುಂದಕ್ಕೆ ಹಾರಿ ನಿಂತಿತು. ಅವಳು ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ಎನ್ನುವಂತೆ.

ಆಮೇಲೆ ಗಂಟು ಬಿಚ್ಚಿದಳು. ಒಳಗೆ ಎರಡು ಜಾಲಿಕಟ್ಟಿಗೆಯ ಊರುಗೋಲುಗಳಿದ್ದವು, ಕಂಕುಳಕ್ಕೆ ಊರುವಂಥವು. ಅವಳಿಗೆ ಇಪ್ಪತ್ತು ತುಂಬಿದಾಗ ಅವಳ ಅಪ್ಪ ಮಾಡಿಕೊಟ್ಟದ್ದಂತೆ. ಊರಲ್ಲಿ ಅವುಗಳ ಮೇಲೆ ಮೂರು ಹೆಜ್ಜೆ ಹಾಕುವಷ್ಟರಲ್ಲಿ ತೋಳು ಸೋತು ಬಿದ್ದಿದ್ದಳಂತೆ. ಅವತ್ತೇ ಅಟ್ಟಕ್ಕೆ ಹಾಕಿದ್ದು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ದಪ್ಪ ಅರಿವೆಯ ಎರಡು ಉದ್ದ ಚೀಲ, ಉದ್ದಕ್ಕೂ ಬಿದಿರಿನ ಪಟ್ಟಿ ಇಟ್ಟು ಹೊಲಿದದ್ದು. ಅವನ್ನು ಕಾಲಿಗೆ ಏರಿಸಿ ಲಾಡಿ ಕಟ್ಟಿದಳು. ಮಡಚಿಕೊಳ್ಳುತ್ತಿದ್ದ ಕಾಲು ನೆಟ್ಟಗೆ ನಿಂತಿತು. ನಾನು ಕೆಂಚಪ್ಪನ ಮುಖ ನೋಡಿದೆ. ಅವನು ಬೇರೆ ಕಡೆ ನೋಡಿದ.

"ಯಾರೂ ಹಿಡೀಬ್ಯಾಡ್ರಿ" ಎಂದಳು.

ಕೋಲು ನೆಟ್ಟು, ಕೈ ಮೇಲೆ ಕೈ ಏರಿಸುತ್ತ, ಬಾವಿಯಿಂದ ಹಗ್ಗ ಹಿಡಿದು ಮೇಲೆ ಬರುವವರ ಹಾಗೆ ಎದ್ದಳು. ನಿಂತಳು. ನಲವತ್ತು ವರ್ಷ ನೆಲ ತಳ್ಳಿದ ತೋಳುಗಳು, ಅರ್ಧ ಮೈಭಾರ. ನಡುಗಲಿಲ್ಲ. ಎರಡೂ ಕೋಲು ಮುಂದಿಟ್ಟು ಮೈ ಬೀಸಿದಳು. ಬೀಸು ಹೆಚ್ಚಾಯಿತು. ಮೇಲೆದ್ದು, ಗಾಳಿಯಲ್ಲಿ ಓರೆಯಾಗಿ, ನಿಧಾನವಾಗಿ ಹುಲ್ಲಿನ ಮೇಲೆ ಬಿದ್ದಳು. ಕೆಂಚಪ್ಪ ಓಡಿದ.

"ಅಲ್ಲೇ ನಿಂದರು. ನಾನ ಏಳ್ತೀನಿ" ಎಂದಳು ಹುಲ್ಲಿನೊಳಗಿನಿಂದ. ನಗುತ್ತಿದ್ದಳು. ಎರಡನೆಯ ಸಲವೂ ಬಿದ್ದಳು. ಮೂರನೆಯ ಸಲ ಬೀಳಲಿಲ್ಲ.

ನನ್ನ ಎದುರಿಗೆ ಬಂದು ನಿಂತಳು. ಹಾಲಕ್ಕ ನನಗಿಂತ ಎತ್ತರ ಎಂದು ಐವತ್ತನೆಯ ವಯಸ್ಸಿಗೆ ನನಗೆ ಗೊತ್ತಾಯಿತು. ನನ್ನ ತಲೆಯ ಮೇಲೆ ಕಣ್ಣಾಡಿಸಿ ಹೇಳಿದಳು: "ಚನ್ನವೀರಾ, ನಿನ್ನ ನೆತ್ತಿ ಬೋಳಾಗೇತಲ್ಲೋ. ಯಾರೂ ಹೇಳಲಿಲ್ಲ ನನಗ."

ಅಷ್ಟು ಹೇಳಿ ಹೊರಟುಬಿಟ್ಟಳು. ಕೋಲು, ಬೀಸು, ಕೋಲು, ಬೀಸು. ಒಂದೊಂದು ಬೀಸಿಗೂ ಎರಡೆರಡು ಮಾರು. ನಾವು ತಟ್ಟಿಯ ಮೇಲೆ ಕುಳಿತು ನೋಡಿದೆವು. ಹೆಂಗಸರು ಕೆಲವರು ಅಳುತ್ತಿದ್ದರು, ಕೆಲವರು ಅವಳು ಉಟ್ಟ ಸೀರೆ ಯಾವ ಅಂಗಡಿಯದೆಂದು ಮಾತಾಡುತ್ತಿದ್ದರು. ಅವಳು ಜಾಲಿಗಿಡಗಳನ್ನು ದಾಟಿ, ಗೌಡರ ಅರ್ಧದೊಳಕ್ಕೆ ಹೋಗಿ, ಚುಕ್ಕಿಯಷ್ಟಾದಳು. ಆಮೇಲೆ ಆ ಚುಕ್ಕಿ ನಿಂತೇಬಿಟ್ಟಿತು. ತುಂಬ ಹೊತ್ತು ಕದಲಲಿಲ್ಲ. ಬಿದ್ದಳೋ ಏನೋ ಎಂದು ನಾನು ಎದ್ದು ಹೋದೆ.

ಬಿದ್ದಿರಲಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದಳು. ನನ್ನನ್ನು ಕಂಡು ಕಣ್ಣಿನಲ್ಲೇ ಕೆಳಗೆ ತೋರಿಸಿದಳು. ಅವಳ ಬಲಗೋಲಿನಿಂದ ಒಂದು ಗೇಣು ಆಚೆಗೆ, ಹುಲ್ಲಿನ ಬುಡದಲ್ಲಿ, ಅವತ್ತೋ ಹಿಂದಿನ ದಿನವೋ ಹುಟ್ಟಿದ ಚಿಗರಿಮರಿ ಕುತ್ತಿಗೆಯನ್ನು ನೆಲಕ್ಕೊತ್ತಿ ಮಲಗಿತ್ತು. ಕಿವಿ ಕೂಡ ಆಡಿಸುತ್ತಿರಲಿಲ್ಲ. ದೂರದಲ್ಲಿ ತಾಯಿ ನಿಂತು ನಮ್ಮನ್ನೇ ನೋಡುತ್ತಿತ್ತು.

"ಮರಿ ಹಾಕಿದ ಹೊಸತರಾಗ ಹಿಂಗ ಬಚ್ಚಿಟ್ಟು ಹೋಗ್ತಾವ ಅಕ್ಕಾ" ಎಂದೆ ಪಿಸುಮಾತಿನಲ್ಲಿ. "ಅದಕ್ಕ ಓಡಾಕ ಬರೂದಿಲ್ಲ ಇನ್ನ."

ಹಾಲಕ್ಕ ಕೋಲನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತೆಗೆದುಕೊಂಡಳು. ಗಾಡಿಯವರೆಗೆ ಬರುವಾಗ ಒಂದೊಂದು ಸಲ ಕೋಲು ಊರುವ ಮುನ್ನವೂ ಬಗ್ಗಿ ನೋಡುತ್ತಿದ್ದಳು. ಹಲಗೆಯ ಮೇಲೆ ಕುಳಿತ ಮೇಲೆ, "ಇನ್ನೊಂದು ಗೇಣು ಮುಂದ ಊರಿದ್ದೆ ಅಂದ್ರ" ಎಂದಷ್ಟೇ ಹೇಳಿ, ಮಾತು ಮುಗಿಸಲಿಲ್ಲ.

ಎರಡು ದಿನ ಬಿಟ್ಟು ಓಣಿಯ ಸಭೆ ಮತ್ತೆ ಸೇರಿತು. ಶಕುಂತಲಮ್ಮ ತಾವೇ ಬಂದಿದ್ದರು. ಈಗ ಹಾಲಕ್ಕ ಹೂಂ ಅನ್ನುತ್ತಾಳೆ, ಕೈಯೆತ್ತಿ ಮನೆಗೆ ಹೋಗುವುದು ಎಂದು ಎಲ್ಲರೂ ಎಣಿಸಿದ್ದರು. ಕೆಲವರ ಕೈ ಆಗಲೇ ಅರ್ಧ ಎದ್ದಿತ್ತು.

"ನಂದು ಹೂಂ ಐತಿ" ಎಂದಳು ಹಾಲಕ್ಕ. "ಆದ್ರ ಒಂದು ಕರಾರು. ಈ ಕಡೆ ಅರ್ಧದಾಗ ಎಲ್ಲಾರೂ ಅಡ್ಡಾಡ್ರಿ. ತಟ್ಟಿ ಇನ್ನೂ ಹಾಕ್ರಿ, ಕುರುಡರು ಬರ್ಲಿ, ಕುಂಟರು ಬರ್ಲಿ, ಬಸುರಿ ಬಾಣಂತೇರು ಬರ್ಲಿ. ಗೌಡ್ರ ಕಡೆ ಅರ್ಧ ಕೊಂಡ ಮ್ಯಾಲೆ ಅಲ್ಲಿ ಯಾರೂ ಕಾಲಿಡಬಾರ್ದು. ನಾನೂ ಕೋಲು ಇಡೂದಿಲ್ಲ. ಅದು ಚಿಗರಿವು."

ಗದ್ದಲ ಎದ್ದಿತು. ಎಣ್ಣೆ ಅಂಗಡಿಯ ಸಿದ್ಧಬಸಪ್ಪ ಎದ್ದು ನಿಂತ. "ಅಲ್ಲ ಹಾಲಕ್ಕಾ, ಹ್ವಾದ ಸಲ ನೀನ ಜಗಳ ತಗದಿ. ಈಗ ನಾವು ಹೋಗಾಕ ಬರದ ಜಾಗಕ್ಕ ನಾವ ಪಟ್ಟಿ ಕೊಡಬೇಕಂದ್ರ ಹೆಂಗ?"

"ಕೊಡಬೇಕು. ಹೋಗದ ಇರೂದು ಹೆಂಗ ಅಂತ ಐವತ್ತೆಂಟು ವರ್ಷ ಕಲ್ತೀನಿ, ಸಿದ್ಧಬಸಪ್ಪಾ. ನಿಮಗೂ ಕಲಸ್ತೀನಿ. ಏನ ಅಂಥ ಕಠಿಣ ಇಲ್ಲ ಅದು."

ಮೊದಲು ನಕ್ಕವನು ಸಿದ್ಧಬಸಪ್ಪನೇ. ಆಮೇಲೆ ಓಣಿ ನಕ್ಕಿತು, ನಗುನಗುತ್ತಲೇ ಕೈಗಳು ಎದ್ದವು. ಶಕುಂತಲಮ್ಮ ಎಣಿಸಿ, ಮತ್ತೊಮ್ಮೆ ಎಣಿಸಿ, "ಇದು ಛಲೋ ಆತು. ಆದ್ರ ಕರಾರು ಹೊಸದು. ಉಳದ ಎಂಟು ಓಣಿಗೂ ಮತ್ತ ಹೋಗಬೇಕು" ಎಂದರು. ದನಿಯಲ್ಲಿ ಆಯಾಸ ಇತ್ತು, ಸಿಟ್ಟಿರಲಿಲ್ಲ.

ಹಬ್ಬಕ್ಕೆ ಮೂರೇ ದಿನ. ಒಂದು ಆಟೋ ಮಾಡಿಕೊಂಡು ನಾನೂ ಹಾಲಕ್ಕನೂ ಎಂಟು ಓಣಿ ಸುತ್ತಿದೆವು. ಹಲಗೆಯನ್ನು ಆಟೋದ ಹಿಂದೆ ಕಟ್ಟಿದ್ದೆವು. ಸಲೀಸಾಗಿ ಆಯಿತೆಂದು ಹೇಳಲಾರೆ. ಪೈಲ್ವಾನರ ಓಣಿಯವರು ತಮ್ಮ ಓಟಕ್ಕೆ ಜಾಗ ಸಾಲದೆಂದು ಎರಡು ತಾಸು ವಾದಿಸಿದರು. ಕೋಟೆ ಓಣಿಯ ಒಬ್ಬ ಮಹನೀಯರು, ಚಿಗರಿ ಪಟ್ಟಿ ಕೊಡುತ್ತದೆಯೇ ಎಂದು ಕೇಳಿದರು. ಹಾಲಕ್ಕ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೊನೆಗೆ ಆ ಮರಿ ಮಲಗಿದ್ದ ರೀತಿಯನ್ನು ಹೇಳುತ್ತಿದ್ದಳು. ಕೋಲು ಎಲ್ಲಿತ್ತು, ಮರಿ ಎಲ್ಲಿತ್ತು ಎಂದು ಎರಡು ಕೈಗಳ ನಡುವೆ ಗೇಣಿನಷ್ಟು ಜಾಗ ಬಿಟ್ಟು ತೋರಿಸುತ್ತಿದ್ದಳು. ಆ ಗೇಣನ್ನು ನೋಡಿದ ಮೇಲೆ ಜನ ಹೆಚ್ಚು ಮಾತಾಡುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನಕ್ಕೆ ಒಂಬತ್ತನೆಯ ಓಣಿಯ ಒಪ್ಪಿಗೆಯ ಕಾಗದ ಶಕುಂತಲಮ್ಮನವರ ಮೇಜಿಗೆ ಮುಟ್ಟಿತು. ಬಾಳನಗೌಡರು ಸಂಜೆ ಬಂದು ಕ್ರಯದ ಕರಾರಿಗೆ ಸಹಿ ಹಾಕಿ, "ಸೈಟಿನವರು ಇನ್ನೊಂಚೂರು ಹೆಚ್ಚು ಕೊಡ್ತಿದ್ರು. ಇರ್ಲಿ" ಎಂದು ಎದ್ದು ಹೋದರು.

ಅದಾಗಿ ಇಪ್ಪತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ತಟ್ಟಿಯ ಹುರಿ ಬಿಗಿ ನೋಡುತ್ತಿದ್ದೆ. ಹಾಲಕ್ಕ ಆಗಲೇ ತನ್ನ ದಿನದ ಸುತ್ತು ಮುಗಿಸಿ, ಕೋಲಿನ ಮೇಲೆ ಒರಗಿ ನಿಂತು, ಸೊಂಟನೋವಿನ ಮುದುಕಿಯರ ಜೊತೆ ಮಾತಾಡುತ್ತಿದ್ದಳು. ಬಿದಿರು ಕಿರುಗುಟ್ಟುವ ಸದ್ದು ಬಂತು. ನೋಡಿದರೆ ಬಾಳನಗೌಡರು. ಒಬ್ಬರೇ. ತಟ್ಟಿಯ ಕೊನೆಗೆ ಬಂದು, ಹುಲ್ಲಿಗೆ ಇಳಿಯದೆ ನಿಂತರು.

"ಚನ್ನವೀರಾ, ಒಳಗ ಹೋಗಾಕ ಚೀಟಿ ಗೀಟಿ ಐತೇನು?"

"ಏನಿಲ್ರಿ ಗೌಡ್ರ. ಬರ್ರಿ."

ಆದರೂ ಇಳಿಯಲಿಲ್ಲ. ಹುಲ್ಲನ್ನೇ ನೋಡುತ್ತ, ದನಿ ತಗ್ಗಿಸಿ ಹೇಳಿದರು. "ನಾ ಇದರಾಗ ಕಾಲಿಟ್ಟವನ ಅಲ್ಲ. ಸಣ್ಣವಿದ್ದಾಗ ಒಮ್ಮೆ ಓಡಿದ್ದೆ, ಅಪ್ಪ ಕಪಾಳಕ್ಕ ಹೊಡದ. ನೆಲದ ಒಡೆಯ ಕುಣದ್ರ ಆಳು ನೋಡಿ ನಗ್ತಾರ ಅಂದ. ಆಮ್ಯಾಲೆ ಬಂದ್ರೂ ಚಕ್ಕಡ್ಯಾಗ ಬಂದು ಚಕ್ಕಡ್ಯಾಗ ಹೋಗೀನಿ."

ಹಾಲಕ್ಕ ಎರಡು ಬೀಸಿನಲ್ಲಿ ಅಲ್ಲಿಗೆ ಬಂದಳು.

"ಈಗ ನೀವು ನೆಲದ ಒಡೆಯರಲ್ಲಲ್ರಿ ಗೌಡ್ರ" ಎಂದಳು.

"ಅಲ್ಲವ್ವ."

"ಹಂಗಾದ್ರ ಇಳೀರಿ. ಮೊಣಕಾಲು ಸಡ್ಲ ಬಿಡ್ರಿ, ಉಸಿರು ಹಿಡೀಬ್ಯಾಡ್ರಿ. ಕೆಳಗ ನೋಡಬ್ಯಾಡ್ರಿ, ದೂರ ನೋಡ್ರಿ."

ಗೌಡರು ಚಪ್ಪಲಿ ಬಿಟ್ಟರು. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿಗಿಳಿದರು. ಅಷ್ಟು ದೊಡ್ಡ ಮೈ ಅರ್ಧವಾದದ್ದು ಅವರ ಮುಖದಲ್ಲೇ ತಿಳಿಯಿತು. ಹಿಂದೊಮ್ಮೆ ನೋಡಿಕೊಂಡರು. ಮುದುಕಿಯರು ದೊಡ್ಡಮನಸ್ಸು ಮಾಡಿ ಬೇರೆ ಕಡೆ ತಿರುಗಿದರು. ಗೌಡರು ಮೊಣಕಾಲು ಬಗ್ಗಿಸಿ ಜಿಗಿದರು. ಮೇಲೆ ಹೋದರು, ಇನ್ನೂ ಸ್ವಲ್ಪ ಮೇಲೆ ಹೋದರು. ಅವರು ಇಳಿಯತೊಡಗಿದಾಗ ತಲೆಯ ರುಮಾಲು ಅಲ್ಲೇ ಹಿಂದುಳಿದು, ಸುತ್ತು ಬಿಚ್ಚಿಕೊಳ್ಳುತ್ತ, ಕೆಂಪು ಅಂಚು ಬಿಸಿಲಿಗೆ ಹೊಳೆಯುತ್ತ, ತನ್ನ ಪಾಡಿಗೆ ತಾನು ಕೆಳಗೆ ಬಂತು. ನಾನು ಹಿಡಿದು, ಸುತ್ತಿ, ಅವರ ಮುಂದೆ ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ. "ಇರ್ಲಿ, ಹಿಡಕೊಂಡಿರು" ಎಂದರು. "ಇನ್ನೊಮ್ಮೆ ಹಾರ್ತೀನಿ."